ಕಣ ನಮ್ಮದು, ಹೊದಿಕೆ ರಕ್ತದ್ದು



ಈ ದತ್ತಿ ಉಪನ್ಯಾಸದ ಷರತ್ತುಗಳನ್ನು ಕಾರ್ಯದರ್ಶಿಗಳು ಮೊದಲೇ ಓದಿ ಹೇಳಿದ್ದರು. ಉಪನ್ಯಾಸ ವಿಜ್ಞಾನದ ಮೇಲಿರಬೇಕು, ಕನ್ನಡದಲ್ಲಿರಬೇಕು, ಎಸ್ಸೆಸ್ಸೆಲ್ಸಿವರೆಗೆ ಓದಿದವರಿಗೂ ತಿಳಿಯಬೇಕು. ಮೊದಲೆರಡು ನನ್ನ ಕೈಲಿವೆ. ಮೂರನೆಯದು ನೆರವೇರಿತೋ ಇಲ್ಲವೋ ಎಂಬ ತೀರ್ಪು ನಿಮ್ಮದು.

ನಾನು ಆರಿಸಿಕೊಂಡಿರುವ ವಿಷಯ ನ್ಯಾನೊಕಣಕ್ಕೂ ಜೀವಕೋಶಕ್ಕೂ ನಡೆಯುವ ವ್ಯವಹಾರ. ಇದರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಎರಡೇ ಬಗೆಯದು. ಒಂದು ವಾರ, ಕ್ಯಾನ್ಸರ್ ಗಡ್ಡೆಯನ್ನು ತಾನೇ ಹುಡುಕಿಕೊಂಡು ಹೋಗಿ ಕೊಲ್ಲುವ ಕಣ ಸಿದ್ಧವಾಗಿದೆ ಎಂಬ ಸುದ್ದಿ. ಮರುವಾರ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿರುವ ಕಣ ಕೋಶದೊಳಕ್ಕೆ ನುಗ್ಗಿ ವಿಷವಾಗುತ್ತದೆ ಎಂಬ ಸುದ್ದಿ. ಭರವಸೆಯ ಸುದ್ದಿಗೂ ಭಯದ ಸುದ್ದಿಗೂ ಒಂದು ನಂಬಿಕೆ ಸಮಾನ: ಎಲ್ಲವನ್ನೂ ಮಾಡುವುದು ಕಣ, ಕೋಶ ಸುಮ್ಮನೆ ಕೂತಿರುತ್ತದೆ. ಇವತ್ತು ನಾನು ತಕರಾರು ಎತ್ತಬೇಕೆಂದಿರುವುದು ಈ ನಂಬಿಕೆಯ ಮೇಲೆಯೇ. ಪ್ರಯೋಗಾಲಯದಲ್ಲಿ ನಾವು ತಯಾರಿಸುವ ಕಣ ಒಂದು, ಕೋಶದ ಮುಂದೆ ಹೋಗಿ ನಿಲ್ಲುವ ಕಣ ಇನ್ನೊಂದು. ನಡುವೆ ರಕ್ತ ಅದಕ್ಕೆ ತನ್ನದೇ ಹೊದಿಕೆ ಹೊದಿಸಿರುತ್ತದೆ. ಕೋಶಕ್ಕೆ ಕಾಣುವುದು ಆ ಹೊದಿಕೆ. ಒಳಗೆ ಕರೆದುಕೊಳ್ಳಬೇಕೋ ಬೇಡವೋ, ಕರೆದುಕೊಂಡ ಮೇಲೆ ಎಲ್ಲಿಗೆ ಸಾಗಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಕೋಶವೇ.

ಅಳತೆಯ ಮಾತನ್ನು ಬೇಗ ಮುಗಿಸಿಬಿಡೋಣ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ಕೆಂಪು ರಕ್ತಕಣದ ಅಡ್ಡಳತೆ 7,000ದಿಂದ 8,000 ನ್ಯಾನೊಮೀಟರ್. ನಮ್ಮನ್ನೆಲ್ಲ ಮನೆಯಲ್ಲಿ ಕೂರಿಸಿದ ಕೊರೊನಾ ವೈರಸ್ಸು ಸುಮಾರು 100. ಕೋಶವನ್ನು ಸುತ್ತಿರುವ ಪೊರೆಯ ದಪ್ಪ 5ರ ಆಸುಪಾಸು. 1ರಿಂದ 100 ನ್ಯಾನೊಮೀಟರಿನೊಳಗಿನ ಕಣಗಳನ್ನು ನ್ಯಾನೊಕಣ ಎನ್ನುವುದು ವಾಡಿಕೆ. ಅಂದರೆ ವೈರಸ್ಸು, ಪ್ರೋಟೀನುಗಳ ಅಳತೆಯವು; ಕೋಶಕ್ಕೆ ಈ ಗಾತ್ರ ಹೊಸದಲ್ಲ, ಇಂಥವುಗಳ ಜೊತೆ ಅದು ದಿನವೂ ಒಡನಾಡುತ್ತಿದೆ.

ಗಾತ್ರ ಕಡಿಮೆಯಾದಂತೆ ಹೆಚ್ಚುವುದು ಮೇಲ್ಮೈ. ಒಂದು ಸೆಂಟಿಮೀಟರಿನ ಘನವೊಂದಕ್ಕೆ ಆರು ಮುಖ, ಒಟ್ಟು ಆರು ಚದರ ಸೆಂಟಿಮೀಟರ್ ಮೇಲ್ಮೈ. ಅದನ್ನೇ ಹತ್ತು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿ ಲೆಕ್ಕ ಹಾಕಿ: 600 ಚದರ ಮೀಟರ್ ಬರುತ್ತದೆ, ನಮ್ಮ 40×60ರ ಸೈಟುಗಳ ಲೆಕ್ಕದಲ್ಲಿ ಎರಡೂವರೆಗೂ ಮೇಲೆ. ವಸ್ತು ಅಷ್ಟೇ, ತೂಕ ಅಷ್ಟೇ. ಇಷ್ಟು ಮೇಲ್ಮೈ ರಕ್ತದಂಥ ದ್ರವಕ್ಕೆ ಬಿದ್ದರೆ ಬರಿದಾಗಿ ಉಳಿಯಲಾರದು.

ಬರಿದಾಗಿ ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೇಜಿನ ಮೇಲೆ ಎರಡು ಗಾಜಿನ ಕೊಳವೆಗಳನ್ನು ಇಟ್ಟುಕೊಂಡಿದ್ದೇನೆ. ಹಿಂದಿನ ಸಾಲಿನವರು ಬೇಕಾದರೆ ಮುಂದೆ ಬನ್ನಿ. ಎರಡರಲ್ಲೂ ಇರುವುದು ಒಂದೇ ದ್ರವ. ದ್ರಾಕ್ಷಾರಸದಂಥ ಈ ಕೆಂಪು ಚಿನ್ನದ್ದು. ಚಿನ್ನದ ಲವಣದ ನೀರನ್ನು ಕುದಿಸಿ, ಸಿಟ್ರೇಟ್ ಹಾಕಿದರೆ ಕೆಲವೇ ನಿಮಿಷದಲ್ಲಿ ಈ ಬಣ್ಣ ಬರುತ್ತದೆ. ನಿಂಬೆಹಣ್ಣಿನ ಆಮ್ಲವಿದೆಯಲ್ಲ, ಅದರದೇ ಲವಣ ಸಿಟ್ರೇಟ್. ಚಿನ್ನ ಹಳದಿಯಾಗಿರುವುದು ಒಡವೆಯ ಗಾತ್ರದಲ್ಲಿ. ಇಪ್ಪತ್ತು ನ್ಯಾನೊಮೀಟರಿನಲ್ಲಿ ಅದು ಕೆಂಪು. ಮೈಕೆಲ್ ಫ್ಯಾರಡೆ 1857ರಲ್ಲೇ ಇದನ್ನು ವಿವರವಾಗಿ ಬರೆದಿಟ್ಟರು.

ಈಗ ಮೊದಲನೆಯ ಕೊಳವೆಗೆ ಉಪ್ಪುನೀರು ಹಾಕುತ್ತೇನೆ, ಅಡುಗೆ ಉಪ್ಪೇ. ನೋಡಿ, ಕೆಂಪು ಕದಡಿ ನೇರಳೆಯಾಯಿತು, ಈಗ ನೀಲಿಗೆ ತಿರುಗುತ್ತಿದೆ. ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ತಳ್ಳಿಕೊಂಡು ದೂರ ದೂರ ನಿಂತಿದ್ದವು. ಉಪ್ಪು ಆ ತಳ್ಳಾಟವನ್ನು ಅಡಗಿಸಿತು. ಕಣಗಳು ಅಂಟಿಕೊಂಡು ಗುಂಪಾದವು. ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಕಪ್ಪು ಗಸಿ ಕೂರುತ್ತದೆ. ನಮ್ಮ ರಕ್ತದಲ್ಲೂ ಉಪ್ಪಿದೆ ಎಂಬುದು ನೆನಪಿರಲಿ.

ಎರಡನೆಯ ಕೊಳವೆಗೆ ಮೊದಲು ಆಲ್ಬುಮಿನ್ ಹಾಕುತ್ತೇನೆ. ಹಸುವಿನ ರಕ್ತದಿಂದ ತೆಗೆದ ಪ್ರೋಟೀನ್ ಇದು, ಯಾವ ಜೀವರಸಾಯನ ಪ್ರಯೋಗಾಲಯದಲ್ಲಾದರೂ ಸಿಗುತ್ತದೆ. ಒಂದು ನಿಮಿಷ ಬಿಟ್ಟು, ಅಷ್ಟೇ ಉಪ್ಪುನೀರು. ಬಣ್ಣ ಕದಲಲಿಲ್ಲ. ಚಿನ್ನವೂ ಅದೇ, ಉಪ್ಪೂ ಅದೇ. ನಡುವೆ ಆಲ್ಬುಮಿನ್ ಬಂದು ಕಣದ ಮೈಯನ್ನು ಹೊದ್ದುಕೊಂಡಿದೆ, ಅಷ್ಟೇ ವ್ಯತ್ಯಾಸ. ಈಗ ಉಪ್ಪಿಗೆ ಎದುರಾಗಿರುವುದು ಚಿನ್ನವಲ್ಲ, ಪ್ರೋಟೀನು. ರಿಚರ್ಡ್ ಸಿಗ್‌ಮಾಂಡಿ ಎಂಬ ರಸಾಯನಜ್ಞರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನೇ ಅಳತೆಗೋಲು ಮಾಡಿಕೊಂಡು, ಯಾವ ಪ್ರೋಟೀನ್ ಚಿನ್ನವನ್ನು ಎಷ್ಟು ಕಾಪಾಡುತ್ತದೆ ಎಂದು ಪಟ್ಟಿ ಮಾಡಿದರು. ಇಂಥ ಕಣ ತೇಲುವ ದ್ರವಗಳ, ಅಂದರೆ ಕಲಿಲಗಳ, ಮೇಲಿನ ಕೆಲಸಕ್ಕೆ 1925ರ ನೊಬೆಲ್ ಅವರಿಗೆ ಸಂದಿತು. ಜೀವಕೋಶದ ಅಧ್ಯಯನ ಮಾಡುವವರು ಈ ಪಾಠವನ್ನು ಗಂಭೀರವಾಗಿ ತೆಗೆದುಕೊಳ್ಳಲು ಮತ್ತೂ ಮುಕ್ಕಾಲು ಶತಮಾನ ಹಿಡಿಯಿತು.

ಕೊಳವೆಯಲ್ಲಿ ಇದ್ದದ್ದು ಒಂದೇ ಪ್ರೋಟೀನ್. ರಕ್ತದಲ್ಲಿರುವುದು ಸಾವಿರಕ್ಕೂ ಹೆಚ್ಚು ಬಗೆ. ಕಣವೊಂದು ರಕ್ತಕ್ಕೆ ಬಿದ್ದ ಕೂಡಲೇ ಇವೆಲ್ಲ ಅದರ ಮೈಗಾಗಿ ಪೈಪೋಟಿಗೆ ಇಳಿಯುತ್ತವೆ. ಸಂಖ್ಯೆಯಲ್ಲಿ ಜಾಸ್ತಿ ಇರುವವು, ಚಿಕ್ಕವು, ಚುರುಕಾಗಿ ಓಡಾಡುವವು ಮೊದಲು ಬಂದು ಕೂರುತ್ತವೆ. ಆಮೇಲೆ, ಕಡಿಮೆ ಇದ್ದರೂ ಹಿಡಿತ ಬಿಗಿಯಾಗಿರುವವು ಬಂದು ಅವುಗಳನ್ನು ಎಬ್ಬಿಸುತ್ತವೆ. ಈ ಎಬ್ಬಿಸುವಾಟವನ್ನು 1960ರ ದಶಕದಲ್ಲೇ ಗಾಜಿನಂಥ ಮೇಲ್ಮೈಗಳ ಮೇಲೆ ಗುರುತಿಸಿದವರು ಲಿಯೊ ವ್ರೋಮನ್. ಹಾಲೆಂಡಿನಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಶಿಬಿರಗಳಲ್ಲಿ ಇದ್ದು ಬದುಕಿ, ಅಮೆರಿಕಕ್ಕೆ ಹೋದ ರಕ್ತವಿಜ್ಞಾನಿ. ಡಚ್ಚರಿಗೆ ಅವರು ವಿಜ್ಞಾನಿಗಿಂತ ಹೆಚ್ಚಾಗಿ ದೊಡ್ಡ ಕವಿ. ಒಬ್ಬರೇ ಎರಡನ್ನೂ ಮಾಡಲಾಗದು ಎಂದು ನಮ್ಮ ಕಾಲೇಜುಗಳಲ್ಲಿ ಕಲಾ ವಿಭಾಗ, ವಿಜ್ಞಾನ ವಿಭಾಗ ಎಂದು ಗೋಡೆ ಕಟ್ಟುವವರಿಗೆ ಈ ಹೆಸರು ಹೇಳಬೇಕೆನಿಸುತ್ತದೆ.

2007ರಲ್ಲಿ ಡಬ್ಲಿನ್ನಿನ ಕೆನೆತ್ ಡಾಸನ್ ಮತ್ತು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಾರಾ ಲಿನ್ಸೆ ಅವರ ತಂಡಗಳು ಜೊತೆಗೂಡಿ ಈ ಹೊದಿಕೆಯನ್ನು ನ್ಯಾನೊಕಣದ ಮೇಲೆ ಅಳೆದು, ಅದನ್ನು ಪ್ರೋಟೀನ್ ಕರೋನಾ ಎಂದರು. ಒಳಪದರ ಗಂಟೆಗಟ್ಟಲೆ ಅಲುಗಾಡುವುದಿಲ್ಲ. ಹೊರಪದರದಲ್ಲಿ ಹೋಗಿ ಬರುವವರು ಇದ್ದೇ ಇರುತ್ತಾರೆ. ಹೊದಿಕೆ ಕೂರಲು ಎಷ್ಟು ಹೊತ್ತು ಬೇಕು ಎಂದು 2013ರಲ್ಲಿ ಜರ್ಮನಿಯ ಮೈಂಟ್ಸ್‌ನವರು ನೋಡಿದರು. ಅರ್ಧ ನಿಮಿಷದೊಳಗೆ ಸುಮಾರು 300 ಬಗೆಯ ಪ್ರೋಟೀನುಗಳು ಕಣದ ಮೇಲಿದ್ದವು. ಸಿರಿಂಜನ್ನು ಕೈಯಿಂದ ಹೊರಗೆ ತೆಗೆಯುವಷ್ಟರಲ್ಲಿ ನಮ್ಮ ಕಣದ ಗುರುತು ಬದಲಾಗಿಹೋಗಿದೆ!

ಇದರಿಂದ ಆಗುವ ತೊಂದರೆ ಸಣ್ಣದಲ್ಲ. ಗಡ್ಡೆಯ ಕೋಶಗಳಿಗೆ ಕಬ್ಬಿಣದ ಹಸಿವು ಹೆಚ್ಚು. ಕಬ್ಬಿಣ ಹೊತ್ತು ತರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು ಹಿಡಿಯುವ ಗ್ರಾಹಕಗಳು ಅವುಗಳ ಮೇಲೆ ಬಹಳ ಇರುತ್ತವೆ. ಹಾಗಾದರೆ ಕಣದ ಮೇಲೆ ಟ್ರಾನ್ಸ್‌ಫೆರಿನ್ ಅಂಟಿಸಿ ಕಳಿಸಿದರೆ ಸರಿಯಾಗಿ ಅಲ್ಲಿಗೇ ಹೋಗುತ್ತದಲ್ಲ ಎಂಬುದು ಸಹಜ ಲೆಕ್ಕಾಚಾರ. ಪಾತ್ರೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಬರೀ ಉಪ್ಪುದ್ರಾವಣದಲ್ಲಿ ಬಿಟ್ಟರೆ ಹಾಗೆಯೇ ಆಗುತ್ತದೆ. ರಕ್ತದ ತಿಳಿಭಾಗವಾದ ಸೀರಮ್ ಸೇರಿಸಿದ ಮೇಲೆ ಏನಾಗುತ್ತದೆಂದು ಡಬ್ಲಿನ್ ತಂಡ 2013ರಲ್ಲಿ ತೋರಿಸಿತು. ಬೇರೆ ಪ್ರೋಟೀನುಗಳು ಮೇಲೆ ಬಂದು ಕೂತು, ಅಂಟಿಸಿದ ಟ್ರಾನ್ಸ್‌ಫೆರಿನ್ ಅಡಿಗೆ ಬಿತ್ತು. ಕಣ ಕೋಶದೊಳಗೆ ಹೋಯಿತು, ಆದರೆ ಗ್ರಾಹಕವನ್ನು ಗುರುತಿಸಿ ಹೋಗುವ ಗುಣ ಕಳೆದುಹೋಗಿತ್ತು. 'ಗುರಿ ಹುಡುಕುವ ಕಣ' ಎಂಬ ಸುದ್ದಿ ಓದಿದಾಗ ನಾನು ಮೊದಲು ನೋಡುವುದು ಇದನ್ನೇ: ಪ್ರಯೋಗ ನಡೆದದ್ದು ಸೀರಮ್ಮಿನಲ್ಲೋ, ಬರೀ ಉಪ್ಪುದ್ರಾವಣದಲ್ಲೋ.

ಹೊದಿಕೆಯೇ ಬೇಡ ಎನ್ನುವವರ ದಾರಿ ಇನ್ನೊಂದು. ಕಣದ ಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರುಪ್ರಿಯ ಎಳೆಗಳನ್ನು ದಟ್ಟವಾಗಿ ನೆಟ್ಟರೆ ಪ್ರೋಟೀನುಗಳಿಗೆ ಜಾಗ ಸಿಗದು, ಹೊರಗಿನಿಂದ ಬಂದದ್ದನ್ನು ನುಂಗಿಹಾಕುವ ಭಕ್ಷಕ ಕೋಶಗಳು ಗುರುತಿಸಲಾರವು, ಕಣ ರಕ್ತದಲ್ಲಿ ಬಹಳ ಹೊತ್ತು ಸುತ್ತುತ್ತದೆ. ಈ ಉಪಾಯ ಕೆಲಸ ಮಾಡುತ್ತದೆ, ಔಷಧಗಳಲ್ಲೂ ಬಂದಿದೆ. ಆದರೆ 2016ರಲ್ಲಿ ಮೈಂಟ್ಸ್‌ನವರೇ ಪ್ರಕಟಿಸಿದ ಕೆಲಸದಲ್ಲಿ ಒಂದು ಸೊಗಸಾದ ತಿರುವಿದೆ. ಎಳೆ ನೆಟ್ಟ ಕಣವನ್ನು ಪ್ರೋಟೀನೇ ಇಲ್ಲದ ದ್ರವದಲ್ಲಿ ಭಕ್ಷಕ ಕೋಶಗಳಿಗೆ ಕೊಟ್ಟರೆ ಅವು ಅದನ್ನು ಚೆನ್ನಾಗಿಯೇ ನುಂಗಿದವು. ರಕ್ತದ ಪ್ರೋಟೀನುಗಳಲ್ಲಿ ಅದ್ದಿ ಕೊಟ್ಟಾಗ ಮಾತ್ರ ಬಿಟ್ಟವು. ಕಣ ತಪ್ಪಿಸಿಕೊಂಡದ್ದು ಹೊದಿಕೆ ಇಲ್ಲದ್ದರಿಂದಲ್ಲ, ಸರಿಯಾದ ಹೊದಿಕೆ ಸಿಕ್ಕಿದ್ದರಿಂದ. ಎಳೆಗಳು ಮಾಡಿದ್ದು ಕ್ಲಸ್ಟರಿನ್ ಎಂಬ ಪ್ರೋಟೀನನ್ನು ಆರಿಸಿ ಹಿಡಿಯುವ ಕೆಲಸ. ಅದು ಮೈಮೇಲಿದ್ದರೆ ಭಕ್ಷಕ ಕೋಶ ಆಸಕ್ತಿ ತೋರುವುದಿಲ್ಲ.

ಹೊದಿಕೆಯನ್ನೇ ಗೆಳೆಯನನ್ನಾಗಿ ಮಾಡಿಕೊಂಡ ಕಥೆ ಪ್ಯಾಟಿಸಿರಾನ್ ಎಂಬ ಔಷಧದ್ದು. ಯಕೃತ್ತು ತಯಾರಿಸುವ ಒಂದು ಪ್ರೋಟೀನ್ ವಂಶವಾಹಿ ದೋಷದಿಂದ ಕೆಟ್ಟು, ನರಗಳಲ್ಲೂ ಹೃದಯದಲ್ಲೂ ಗಟ್ಟಿಕಟ್ಟಿಕೊಳ್ಳುವ ಕಾಯಿಲೆಯೊಂದಿದೆ. ಆ ಪ್ರೋಟೀನಿನ ತಯಾರಿಕೆಯನ್ನು ತಡೆಯುವ ಚಿಕ್ಕ ಆರ್‌ಎನ್‌ಎ ತುಂಡನ್ನು ಕೊಬ್ಬಿನ ನ್ಯಾನೊಕಣದಲ್ಲಿ ತುಂಬಿ ರಕ್ತಕ್ಕೆ ಬಿಡುತ್ತಾರೆ. ಕಣದ ಮೇಲೆ ಯಕೃತ್ತಿನ ವಿಳಾಸವನ್ನು ಯಾರೂ ಅಂಟಿಸಿಲ್ಲ. ರಕ್ತದಲ್ಲಿ ಕೊಲೆಸ್ಟರಾಲ್ ಸಾಗಿಸುವ ಅಪೊಲಿಪೊಪ್ರೋಟೀನ್ ಇ ತಾನಾಗಿ ಬಂದು ಕಣವನ್ನು ಹೊದೆಯುತ್ತದೆ. ಅದನ್ನು ಕಂಡ ಯಕೃತ್ತಿನ ಕೋಶ, ಇದೂ ಕೊಬ್ಬಿನ ಸರಕೇ ಎಂದುಕೊಂಡು ಒಳಗೆ ಕರೆದುಕೊಳ್ಳುತ್ತದೆ. 2018ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪರವಾನಗಿ ಸಿಕ್ಕಿತು, ಈ ಬಗೆಯ ಆರ್‌ಎನ್‌ಎ ಔಷಧಗಳಲ್ಲಿ ಮೊದಲನೆಯದು.

ಇನ್ನು ಕೋಶದ ಬಾಗಿಲಿಗೆ ಬರೋಣ. ನುಗ್ಗುವುದು ಕಣವೋ, ಎಳೆದುಕೊಳ್ಳುವುದು ಕೋಶವೋ ಎಂಬುದನ್ನು ತೀರ್ಮಾನಿಸಲು ಒಂದು ಹಳೆಯ, ಸರಳ ಪ್ರಯೋಗವಿದೆ. ಕೋಶಗಳ ಪಾತ್ರೆಯನ್ನು ಮಂಜುಗಡ್ಡೆಯ ಮೇಲಿಟ್ಟು 4 ಡಿಗ್ರಿಗೆ ಇಳಿಸಿ. ಕೋಶ ಬದುಕಿರುತ್ತದೆ, ಶಕ್ತಿ ವ್ಯಯಿಸುವ ಕೆಲಸಗಳು ನಿಲ್ಲುತ್ತವೆ. ಈಗ ಹೊಳೆಯುವ ಕಣಗಳನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೋಶದ ಅಂಚಿನ ಸುತ್ತ ಒಂದು ಹೊಳೆಯುವ ಗೆರೆ, ನಡುಭಾಗ ಕತ್ತಲು. ಕಣಗಳು ಪೊರೆಗೆ ಅಂಟಿ ನಿಂತಿವೆ. ಪಾತ್ರೆಯನ್ನು 37 ಡಿಗ್ರಿಗೆ ಏರಿಸಿ ಕಾಯಿರಿ. ಗೆರೆ ಅಲ್ಲಲ್ಲಿ ಹರಿಯುತ್ತದೆ, ಒಳಗೆ ಚುಕ್ಕೆಗಳು ಮೂಡುತ್ತವೆ, ಹೊತ್ತು ಕಳೆದಂತೆ ಚುಕ್ಕೆಗಳೆಲ್ಲ ಕೋಶಕೇಂದ್ರದ ಬಳಿ ಬಂದು ಗುಂಪುಗೂಡುತ್ತವೆ. ಕಣ ತಾನೇ ತೂರಿಕೊಂಡು ಹೋಗುವುದಾಗಿದ್ದರೆ ಚಳಿ ಅದನ್ನು ಇಷ್ಟು ಪೂರ್ತಿಯಾಗಿ ತಡೆಯುತ್ತಿರಲಿಲ್ಲ. ಧನ ವಿದ್ಯುದಂಶ ಜಾಸ್ತಿ ಇರುವ ಕೆಲವು ಕಣಗಳು ಪೊರೆಯನ್ನೇ ತೂತು ಮಾಡುತ್ತವೆ ಎಂಬುದು ನಿಜ, ಆದರೆ ಅವು ಕೋಶವನ್ನು ಕೊಲ್ಲುವುದೂ ಹಾಗೆಯೇ.

ಕೋಶ ಎಳೆದುಕೊಳ್ಳುವ ಬಗೆ ನೋಡತಕ್ಕದ್ದು. ಕಣದ ಹೊದಿಕೆಯನ್ನು ಗ್ರಾಹಕಗಳು ಹಿಡಿಯುತ್ತವೆ. ಆ ಜಾಗದಲ್ಲಿ ಪೊರೆ ಒಳಕ್ಕೆ ಗುಳಿ ಬೀಳುತ್ತದೆ. ಪೊರೆಯ ಒಳಬದಿಗೆ ಕ್ಲಾಥ್ರಿನ್ ಎಂಬ ಮೂರು ಕಾಲಿನ ಪ್ರೋಟೀನುಗಳು ಒಂದಕ್ಕೊಂದು ಕಾಲು ಹೆಣೆದು ಬುಟ್ಟಿ ಕಟ್ಟುತ್ತವೆ. ಗುಳಿ ಆಳವಾಗಿ, ಕುತ್ತಿಗೆ ಕಿರಿದಾಗಿ, ಕೊನೆಗೆ ಕತ್ತರಿಸಿಕೊಂಡು ಚೀಲವಾಗಿ ಒಳಗೆ ಬೀಳುತ್ತದೆ. ಕ್ಲಾಥ್ರಿನ್ ಬೇಕಿಲ್ಲದ ದಾರಿಗಳೂ ಇವೆ. ಅಂಥದೊಂದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್. ಜಿಕೆವಿಕೆ ಆವರಣದಲ್ಲಿ ಕೃಷಿಮೇಳಕ್ಕೆ ಹೋಗಿ ಬರುವ ಎಷ್ಟೋ ಜನಕ್ಕೆ, ಪಕ್ಕದ ಕಟ್ಟಡದಲ್ಲಿ ಕೋಶದ ಬಾಗಿಲುಗಳ ಬಗ್ಗೆ ಜಗತ್ತು ಓದುವ ಕೆಲಸ ನಡೆದಿದೆ ಎಂಬುದು ತಿಳಿದಿಲ್ಲ.

ಬಾಗಿಲಿಗೆ ಗಾತ್ರದ ಲೆಕ್ಕವೂ ಇದೆ. ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ 2006ರಲ್ಲಿ 14ರಿಂದ 100 ನ್ಯಾನೊಮೀಟರಿನವರೆಗಿನ ಚಿನ್ನದ ಕಣಗಳನ್ನು ಹೀಲಾ ಕೋಶಗಳಿಗೆ ಕೊಟ್ಟು ನೋಡಿತು. (1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗಡ್ಡೆಯಿಂದ, ಅವರನ್ನು ಕೇಳದೆ ತೆಗೆದಿಟ್ಟ ಕೋಶಗಳ ಸಂತತಿ ಇವು. ಈ ಋಣವನ್ನು ಹೇಳದೆ ಮುಂದೆ ಹೋಗಬಾರದು.) ಹೆಚ್ಚು ಒಳಗೆ ಹೋದದ್ದು ತೀರ ಚಿಕ್ಕದೂ ಅಲ್ಲ, ದೊಡ್ಡದೂ ಅಲ್ಲ, 50 ನ್ಯಾನೊಮೀಟರಿನದು. ಕಾರಣ ಪೊರೆಯ ಬಾಗುವಿಕೆಯಲ್ಲಿದೆ. ಪೊರೆಯನ್ನು ಬಗ್ಗಿಸಲು ಶಕ್ತಿ ಬೇಕು, ಆ ಶಕ್ತಿ ಬರುವುದು ಗ್ರಾಹಕಗಳ ಹಿಡಿತದಿಂದ. ಕಣ ತೀರ ಚಿಕ್ಕದಾದರೆ ಬಾಗು ಕಡಿದಾಗುತ್ತದೆ, ಹಿಡಿಯಲು ಸಿಗುವ ಗ್ರಾಹಕಗಳು ಒಂದೆರಡೇ, ಗಿಟ್ಟುವುದಿಲ್ಲ. ತೀರ ದೊಡ್ಡದಾದರೆ ಪೂರ್ತಿ ಸುತ್ತಲು ದೂರದೂರದ ಗ್ರಾಹಕಗಳೆಲ್ಲ ಪೊರೆಯ ಮೇಲೆ ತೇಲಿಕೊಂಡು ಬರಬೇಕು; ಹೊತ್ತಾಗುತ್ತದೆ. ನಡುವಿನದಕ್ಕೆ ಎರಡೂ ಹೊಂದುತ್ತವೆ.

ಒಳಗೆ ಹೋಯಿತು ಎಂದರೆ ಕೆಲಸ ಆಯಿತು ಎಂದಲ್ಲ. ಚೀಲದೊಳಗಿರುವ ಕಣ ಲೆಕ್ಕಕ್ಕೆ ಇನ್ನೂ ಹೊರಗೇ ಇದೆ, ನಡುವೆ ಪೊರೆ ಇದ್ದೇ ಇದೆ. ಎಂಡೋಸೋಮ್ ಎಂಬ ಈ ಚೀಲ ಒಳಕ್ಕೆ ಸಾಗಿದಂತೆ ಹುಳಿಯಾಗುತ್ತ ಹೋಗಿ, ಕಡೆಗೆ ಲೈಸೋಸೋಮಿನಲ್ಲಿ ಸೇರುತ್ತದೆ. 1955ರಲ್ಲಿ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡುವ್ ಗುರುತಿಸಿದ ಈ ಅಂಗಕದೊಳಗೆ ಪಿಎಚ್ 5ರ ಕೆಳಗೆ, ಜೊತೆಗೆ ಜೈವಿಕ ಅಣುಗಳನ್ನೆಲ್ಲ ಒಡೆದುಹಾಕುವ ಕಿಣ್ವಗಳು. ಚೀಲ ಹುಳಿಯಾಗುವುದನ್ನು ಜೀವಂತ ಕೋಶದಲ್ಲೇ ಅಳೆದದ್ದು ಕೂಡ ಒಂದು ನ್ಯಾನೊ ವಸ್ತು. 2009ರಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದ ಯಮುನಾ ಕೃಷ್ಣನ್ ಅವರ ತಂಡ ಡಿಎನ್‌ಎ ಎಳೆಗಳಿಂದಲೇ ಒಂದು ಪುಟ್ಟ ಯಂತ್ರ ಮಾಡಿತು. ಹುಳಿ ಇಲ್ಲದ ಕಡೆ ಅದು ಬಿಚ್ಚಿಕೊಂಡಿರುತ್ತದೆ, ಹುಳಿ ತಾಗಿದರೆ ಮಡಚಿಕೊಳ್ಳುತ್ತದೆ. ಮಡಚಿದಾಗ ತುದಿಗಳಲ್ಲಿರುವ ಎರಡು ಬಣ್ಣದ ಅಣುಗಳು ಹತ್ತಿರವಾಗಿ ಹೊಳಪು ಬದಲಾಗುತ್ತದೆ. ಹಣ್ಣುನೊಣದ ಕೋಶಗಳು ಅದನ್ನು ನುಂಗಿದ ಮೇಲೆ, ಚೀಲ ಹೆಜ್ಜೆ ಹೆಜ್ಜೆಗೂ ಎಷ್ಟು ಹುಳಿಯಾಯಿತೆಂದು ಬಣ್ಣ ನೋಡಿ ಹೇಳಲು ಬಂತು.

ಔಷಧ ಹೊತ್ತ ಕಣಕ್ಕೆ ಈ ಹುಳಿಚೀಲವೇ ದೊಡ್ಡ ಕಂಟಕ. ನಮ್ಮ ಊರುಗಳಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೊವ್ಯಾಕ್ಸಿನ್‌ಗಳಲ್ಲಿ ಕೊಬ್ಬಿನ ನ್ಯಾನೊಕಣ ಇರಲಿಲ್ಲ. ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ನಿಮ್ಮ ಮಕ್ಕಳು ಹಾಕಿಸಿಕೊಂಡ ಫೈಜರ್, ಮಾಡರ್ನಾ ಲಸಿಕೆಗಳಲ್ಲಿ ಇತ್ತು. ಅದರಲ್ಲಿನ ಒಂದು ಕೊಬ್ಬಿನ ಅಣುವನ್ನು ಬಹಳ ಜಾಣತನದಿಂದ ಆರಿಸಿದ್ದಾರೆ. ರಕ್ತದ ಪಿಎಚ್ 7.4ರಲ್ಲಿ ಅದಕ್ಕೆ ವಿದ್ಯುದಂಶ ಇಲ್ಲ, ಯಾರಿಗೂ ತಂಟೆ ಇಲ್ಲ. ಚೀಲ ಹುಳಿಯಾದ ಕೂಡಲೇ ಧನ ವಿದ್ಯುದಂಶ ಪಡೆದು, ಚೀಲದ ಪೊರೆಯಲ್ಲಿರುವ ಋಣ ವಿದ್ಯುದಂಶದ ಕೊಬ್ಬಿನ ಜೊತೆ ಬೆರೆತು ಪೊರೆಯನ್ನು ಕೆಡಿಸುತ್ತದೆ. ಒಳಗಿದ್ದ ಆರ್‌ಎನ್‌ಎ ಹೊರಬೀಳುತ್ತದೆ. ಕೋಶ ತನ್ನ ರಕ್ಷಣೆಗೆಂದು ಮಾಡಿಕೊಂಡ ಹುಳಿಯನ್ನೇ ಬೀಗದ ಕೈ ಮಾಡಿಕೊಂಡ ಉಪಾಯವಿದು. ಹಾಗಿದ್ದೂ ಎಷ್ಟು ಹೊರಬೀಳುತ್ತದೆ? ಇಂಥ ಕೊಬ್ಬಿನ ಕಣಗಳಲ್ಲಿ ಚಿಕ್ಕ ಆರ್‌ಎನ್‌ಎ ತುಂಬಿ ಯುರೋಪಿನ ತಂಡವೊಂದು 2013ರಲ್ಲಿ ಲೆಕ್ಕ ಹಾಕಿದಾಗ ಸಿಕ್ಕ ಉತ್ತರ ನೂರಕ್ಕೆ ಒಂದೋ ಎರಡೋ. ಉಳಿದದ್ದೆಲ್ಲ ಲೈಸೋಸೋಮಿನ ಪಾಲು. ನೂರಕ್ಕೆ ಎರಡರಿಂದಲೇ ಔಷಧ ಕೆಲಸ ಮಾಡುತ್ತದೆ ಎಂಬುದು ಬೇರೆ ಮಾತು.

ವಿಷದ ಪ್ರಶ್ನೆಗೂ ಉತ್ತರ ಬಹುಮಟ್ಟಿಗೆ ಲೈಸೋಸೋಮಿನಲ್ಲೇ ಇದೆ. ಸನ್‌ಸ್ಕ್ರೀನಿನ ಸತುವಿನ ಆಕ್ಸೈಡ್ ತೆಗೆದುಕೊಳ್ಳಿ. ಗಾಯವಿಲ್ಲದ ಚರ್ಮದ ಮೇಲೆ ಹಚ್ಚಿದರೆ ಅದು ಬಹುತೇಕ ಮೇಲಿನ ಸತ್ತ ಪದರದಲ್ಲೇ ಉಳಿಯುತ್ತದೆ, ಜೀವಂತ ಕೋಶ ಅದನ್ನು ಕಾಣುವುದೇ ಅಪರೂಪ. ಅದೇ ಪುಡಿಯನ್ನು ಕಾರ್ಖಾನೆಯಲ್ಲಿ ಉಸಿರಾಡಿದರೆ ಶ್ವಾಸಕೋಶದ ಭಕ್ಷಕ ಕೋಶ ನುಂಗುತ್ತದೆ. ಹುಳಿಯಲ್ಲಿ ಸತು ಕರಗಿ ಅಯಾನುಗಳು ಒಮ್ಮೆಲೇ ತುಂಬಿಕೊಂಡು ಕೋಶ ಸಾಯಬಹುದು. ಒಂದೇ ಕಣ, ಚರ್ಮದ ಮೇಲೆ ಒಂದು ಕಥೆ, ಎದೆಯೊಳಗೆ ಇನ್ನೊಂದು. ಬೆಳ್ಳಿಯ ಕಥೆಯೂ ಕರಗುವುದರದ್ದೇ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2012ರಲ್ಲಿ ಬೆಳ್ಳಿಯ ನ್ಯಾನೊಕಣಗಳನ್ನು ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾಗಳ ಮೇಲೆ ಬಿಟ್ಟಾಗ ಬ್ಯಾಕ್ಟೀರಿಯಾಗಳು ಸಾಯಲೇ ಇಲ್ಲ. ಆಮ್ಲಜನಕ ಇಲ್ಲದೆ ಬೆಳ್ಳಿ ಅಯಾನಾಗಿ ಕರಗದು. ಕೊಲ್ಲುತ್ತಿದ್ದದ್ದು ಕಣವಲ್ಲ, ಅದರಿಂದ ಬಿಡುಗಡೆಯಾಗುವ ಅಯಾನು. ಚಿನ್ನ ಕರಗದ ಲೋಹ ಎಂದು ಬಹಳ ಕಾಲ ಎಲ್ಲರೂ ನಂಬಿದ್ದೆವು. 2020ರಲ್ಲಿ ಫ್ರಾನ್ಸಿನವರು ಆರು ತಿಂಗಳು ಕೋಶಗಳನ್ನು ಕಾದು ನೋಡಿದಾಗ ಲೈಸೋಸೋಮಿನಲ್ಲಿ ಚಿನ್ನವೂ ನಿಧಾನವಾಗಿ ಸವೆಯುವುದು, ಸವೆದದ್ದು ಮತ್ತೆ ಹರಳುಗಟ್ಟುವುದು ಕಂಡಿತು.

ಕರಗದ, ಒಡೆಯದ ವಸ್ತು ಲೈಸೋಸೋಮಿಗೆ ಬಂದರೆ? ಇದಕ್ಕೆ ದೂರ ಹೋಗಬೇಕಾಗಿಲ್ಲ, ಕೋಲಾರದ ಚಿನ್ನದ ಗಣಿ ಸಾಕು. ಬಂಡೆ ಕೊರೆಯುವಾಗ ಏಳುವ ಸ್ಫಟಿಕ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ಅಲ್ಲಿ 1930ರ ದಶಕದಲ್ಲೇ ವರದಿಯಾಗಿತ್ತು. ಭಾರತದಲ್ಲಿ ಈ ಕಾಯಿಲೆಯ ಚರಿತ್ರೆ ಶುರುವಾಗುವುದೇ ಕೆಜಿಎಫ್‌ನಿಂದ. ಆ ದೂಳಿನ ಕಣಗಳಲ್ಲಿ ಬಹುಪಾಲು ನ್ಯಾನೊ ಅಳತೆಗಿಂತ ದೊಡ್ಡವು, ನಿಜ. ಆದರೆ ಕೋಶದೊಳಗೆ ನಡೆಯುವುದು ನಮ್ಮ ವಿಷಯವೇ. ಶ್ವಾಸಕೋಶದ ಭಕ್ಷಕ ಕೋಶ ಹರಳನ್ನು ನುಂಗುತ್ತದೆ. ಹರಳು ಲೈಸೋಸೋಮನ್ನು ಹರಿದುಹಾಕುತ್ತದೆ. ಒಳಗಿನ ಕಿಣ್ವಗಳು ಕೋಶದ್ರವಕ್ಕೆ ಸುರಿಯುತ್ತವೆ, ಉರಿಯೂತದ ಸಂಕೇತ ಹೊತ್ತಿಕೊಳ್ಳುತ್ತದೆ. ಈ ಸಂಕೇತದ ಕೊಂಡಿಗಳನ್ನು 2008ರಲ್ಲಿ ಬಿಡಿಸಿ ತೋರಿಸಲಾಯಿತು. ಕೋಶ ಸಾಯುತ್ತದೆ, ಹರಳು ಹಾಗೆಯೇ ಹೊರಬರುತ್ತದೆ, ಅದನ್ನು ಇನ್ನೊಂದು ಕೋಶ ನುಂಗುತ್ತದೆ. ಗಣಿಗೆ ಇಳಿಯುವುದನ್ನು ಬಿಟ್ಟು ವರ್ಷಗಳಾದ ಮೇಲೂ ಕಾಯಿಲೆ ಮುಂದುವರಿಯುವುದು ಇದರಿಂದ. ಗಣಿ 2001ರಲ್ಲಿ ಮುಚ್ಚಿತು. ಎದೆಯೊಳಗಿನ ಹರಳಿಗೆ ಅದು ಗೊತ್ತಾಗುವಂತಿಲ್ಲ.

ಆಕಾರವೂ ಹೀಗೆ ಅಪಾಯ ತರಬಲ್ಲದು. 2008ರಲ್ಲಿ ಎಡಿನ್‌ಬರೊದ ಕೆನ್ ಡೊನಾಲ್ಡ್‌ಸನ್ ಅವರ ತಂಡ ಇಂಗಾಲದ ನ್ಯಾನೊನಳಿಕೆಗಳನ್ನು ಇಲಿಗಳ ಹೊಟ್ಟೆಯೊಳಗಿನ ಪೊರೆಯ ಬಳಿ ಬಿಟ್ಟು ನೋಡಿತು. ಉದ್ದನೆಯ ನೆಟ್ಟಗಿನ ನಳಿಕೆಗಳು ಕಲ್ನಾರಿನಂತೆಯೇ ಉರಿಯೂತ ತಂದವು. ಗಿಡ್ಡವು, ಸಿಕ್ಕುಸಿಕ್ಕಾದವು ಹಾಗೆ ಮಾಡಲಿಲ್ಲ. ವಸ್ತು ಎರಡರಲ್ಲೂ ಇಂಗಾಲವೇ. ಭಕ್ಷಕ ಕೋಶಕ್ಕಿಂತ ಉದ್ದವಾದದ್ದನ್ನು ಅದು ಅರ್ಧ ನುಂಗಿ, ಬಾಯಿ ಮುಚ್ಚಲಾಗದೆ, ಒಳಗಿನ ಕಿಣ್ವಗಳನ್ನು ಹೊರಗೆ ಸುರಿಯುತ್ತದೆ.

ಇಷ್ಟು ಹಿನ್ನೆಲೆಯಲ್ಲಿ ಕ್ಯಾನ್ಸರಿನ ಸುದ್ದಿಗೆ ಮರಳಿದರೆ ನಿರಾಸೆಯ ಅಂಕಿಯೊಂದು ಕಾದಿದೆ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳ ವರದಿಗಳನ್ನು ಒಟ್ಟುಗೂಡಿಸಿ ಟೊರಾಂಟೊದವರು 2016ರಲ್ಲಿ ನೋಡಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆ ಸೇರಿದ ಪಾಲು ನಡುಮಟ್ಟದಲ್ಲಿ ಶೇಕಡಾ 0.7. ಉಳಿದದ್ದರಲ್ಲಿ ದೊಡ್ಡ ಪಾಲು ಯಕೃತ್ತು, ಗುಲ್ಮಗಳಿಗೆ ಹೋಗುತ್ತದೆ. ಸುಮಾರು ಐದೂವರೆ ನ್ಯಾನೊಮೀಟರಿಗಿಂತ ಚಿಕ್ಕವು ಮೂತ್ರಪಿಂಡ ದಾಟಿ ಹೊರಹೋಗುತ್ತವೆ. ಈ ಅಂಕಿ ಬಂದಾಗ ಈ ಕ್ಷೇತ್ರದಲ್ಲಿ ದೊಡ್ಡ ಗಲಾಟೆಯಾಯಿತು, ಲೆಕ್ಕದ ವಿಧಾನ ಸರಿಯಿಲ್ಲ ಎಂದವರೂ ಇದ್ದಾರೆ. ನನಗೆ ಅನಿಸುವುದು, ನ್ಯಾನೊ ಔಷಧವನ್ನು ಅಳೆಯುವ ಕೋಲೇ ತಪ್ಪಾಗಿದೆ ಎಂದು. ಉದಾಹರಣೆಗೆ, 1995ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಡಾಕ್ಸಿಲ್ ಈ ಜಾತಿಯ ಮೊದಲ ಔಷಧ, ಹಳೆಯ ಕ್ಯಾನ್ಸರ್ ಔಷಧವಾದ ಡಾಕ್ಸೊರುಬಿಸಿನ್ನನ್ನೇ ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ್ದು. ಅದರ ದೊಡ್ಡ ಉಪಕಾರ ಔಷಧವನ್ನು ಗಡ್ಡೆಗೆ ಮುಟ್ಟಿಸಿದ್ದಕ್ಕಿಂತ ಹೃದಯದಿಂದ ದೂರ ಇಟ್ಟದ್ದು. ಹೃದಯಕ್ಕಾಗುವ ಹಾನಿ ಕಡಿಮೆಯಾಯಿತು. ಇದು ಸುದ್ದಿಯ ತಲೆಬರಹವಾಗುವುದಿಲ್ಲ, ಆದರೆ ರೋಗಿಗೆ ದೊಡ್ಡದು.

ಇಂಥ ಸಭೆ ಮುಗಿದ ಮೇಲೆ ಯಾರಾದರೂ ಬಂದು ಕೇಳೇ ಕೇಳುವ ಪ್ರಶ್ನೆಗೆ ಈಗಲೇ ಉತ್ತರಿಸುತ್ತೇನೆ. ಪುಷ್ಯ ನಕ್ಷತ್ರದ ದಿನ ಮಕ್ಕಳಿಗೆ ಹಾಕಿಸುವ ಸ್ವರ್ಣಬಿಂದುವಿನಲ್ಲಿರುವ ಸ್ವರ್ಣಭಸ್ಮ ನ್ಯಾನೊಕಣ ಅಲ್ಲವೇ, ಹಾಗಾದರೆ ನಮ್ಮವರಿಗೆ ಇದೆಲ್ಲ ಮೊದಲೇ ಗೊತ್ತಿತ್ತಲ್ಲವೇ? ಭಸ್ಮದ ಕೆಲವು ಮಾದರಿಗಳಲ್ಲಿ ಹತ್ತಾರು ನ್ಯಾನೊಮೀಟರಿನ ಚಿನ್ನದ ಹರಳುಗಳು ಕಂಡಿವೆ, ಸುಳ್ಳಲ್ಲ. ಆದರೆ ಇಷ್ಟು ಹೊತ್ತು ನಾನು ಹೇಳುತ್ತಿರುವುದೇ, ಗಾತ್ರ ಹೇಳಿದರೆ ಕಣದ ಕಥೆಯ ಮೊದಲ ಸಾಲು ಮಾತ್ರ ಹೇಳಿದಂತೆ ಎಂದು. ಜೇನಿನಲ್ಲೂ ತುಪ್ಪದಲ್ಲೂ ಅದರ ಮೈಗೆ ಏನು ಹತ್ತಿತು, ಹೊಟ್ಟೆಯ ಆಮ್ಲದಲ್ಲಿ ಏನಾಯಿತು, ಕರುಳಿನ ಕೋಶ ಎಷ್ಟನ್ನು ಒಳಗೆ ಬಿಟ್ಟಿತು, ಯಾವ ಮಗುವಿನಲ್ಲಿ ಏನು ಬದಲಾಯಿತು ಎಂದು ಅಳೆದು ತೋರಿಸಬೇಕು. ನ್ಯಾನೊ ಎಂಬ ಹೆಸರು ಹಿಡಿದುಕೊಂಡು ಔಷಧವನ್ನು ಹೊಗಳುವುದೂ ಆಗದು, ತೆಗಳುವುದೂ ಆಗದು.

ಕೊನೆಯದಾಗಿ, ಈ ಹೊದಿಕೆ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ಪಾತ್ರೆಯಲ್ಲಿ ಕೋಶ ಬೆಳೆಸುವಾಗ ಸಾಮಾನ್ಯವಾಗಿ ಹಾಕುವುದು ಶೇಕಡಾ ಹತ್ತರಷ್ಟು ಕರುವಿನ ಸೀರಮ್. ಅಲ್ಲಿ ಕೂರುವ ಹೊದಿಕೆ ಬೇರೆ, ಮನುಷ್ಯನ ರಕ್ತದಲ್ಲಿ ಕೂರುವುದು ಬೇರೆ. ಇಲಿಯಲ್ಲಿ ಗೆದ್ದ ಕಣ ಮನುಷ್ಯನಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ಮನುಷ್ಯರಲ್ಲೇ ಕಾಯಿಲೆಯಿಂದ ಕಾಯಿಲೆಗೆ ಹೊದಿಕೆ ಬದಲಾಗುತ್ತದೆ. ತೊಡಕಾಗಿದ್ದ ಈ ಸಂಗತಿಯನ್ನೇ ಈಗ ಕೆಲವರು ಪರೀಕ್ಷೆಯಾಗಿ ತಿರುಗಿಸಿಕೊಂಡಿದ್ದಾರೆ. ಬೇರೆಬೇರೆ ಮೈಯುಳ್ಳ ಐದು ಬಗೆಯ ಕಣಗಳನ್ನು ರೋಗಿಯ ರಕ್ತದ ಮಾದರಿಯಲ್ಲಿ ಅದ್ದಿ, ಅಯಸ್ಕಾಂತದಿಂದ ಹೊರಗೆ ಸೆಳೆದು, ಯಾವ ಯಾವ ಪ್ರೋಟೀನುಗಳು ಹತ್ತಿಕೊಂಡು ಬಂದವು ಎಂದು ಓದುತ್ತಾರೆ. 2020ರಲ್ಲಿ ಪ್ರಕಟವಾದ ಇಂಥ ಒಂದು ಕೆಲಸದಲ್ಲಿ 141 ಮಾದರಿಗಳಿಂದ ಎರಡು ಸಾವಿರಕ್ಕೂ ಹೆಚ್ಚು ಪ್ರೋಟೀನುಗಳನ್ನು ಗುರುತಿಸಿದರು. ರಕ್ತದಲ್ಲಿ ತೀರ ವಿರಳವಾಗಿದ್ದು, ಆಲ್ಬುಮಿನ್ನಿನ ರಾಶಿಯಲ್ಲಿ ಕಾಣದೆ ಉಳಿಯುವ ಪ್ರೋಟೀನುಗಳು ಹೀಗೆ ಕೈಗೆ ಸಿಗುತ್ತವೆ. ಈ ಕಣ ಯಾವ ಕೋಶದೊಳಕ್ಕೂ ಹೋಗಬೇಕಾಗಿಲ್ಲ, ಯಾರಿಗೂ ಚುಚ್ಚಬೇಕಾಗಿಲ್ಲ. ಶ್ವಾಸಕೋಶದ ಕ್ಯಾನ್ಸರನ್ನು ಬೇಗ ಪತ್ತೆ ಮಾಡಲು ಇದು ನೆರವಾದೀತೇ ಎಂಬ ಪರೀಕ್ಷೆಗಳು ಶುರುವಾಗಿವೆ.

ನನಗೆ ಕೊಟ್ಟ ಸಮಯ ಮುಗಿಯಿತು. ಕೊಳವೆಗಳು ಮೇಜಿನ ಮೇಲೇ ಇರುತ್ತವೆ, ವಿದ್ಯಾರ್ಥಿಗಳು ಬಂದು ಉಪ್ಪು ಹಾಕಿ ನೋಡಬಹುದು. ಚಿನ್ನದ ದ್ರವ ಇನ್ನೂ ಅರ್ಧ ಬಾಟಲಿ ಉಳಿದಿದೆ. ಪ್ರಶ್ನೆಗಳಿದ್ದರೆ ಕೇಳಿ.